ಒಗರು ಕಳೆದವರು, ಒಗರು ಹುಡುಕಿದವರು

ಬಾಳೆ ಮೂತಿ ಹೆಚ್ಚುವವರು ಮೊದಲು ಅಂಗೈಗೆ ಎಣ್ಣೆ ಸವರಿಕೊಳ್ಳುತ್ತಾರೆ, ಪಕ್ಕದಲ್ಲೊಂದು ಪಾತ್ರೆಯಲ್ಲಿ ನೀರು ಮಜ್ಜಿಗೆ ಇಟ್ಟುಕೊಳ್ಳುತ್ತಾರೆ. ನೇರಳೆಗೆಂಪಿನ ಹೊರ ಹಾಳೆಗಳನ್ನು ಒಂದೊಂದಾಗಿ ಬಿಡಿಸಿ, ಒಳಗೆ ಸಾಲಾಗಿ ಕೂತ ಎಳೆ ಹೂಗಳನ್ನು ಕಿತ್ತು, ಪ್ರತಿ ಹೂವಿನ ನಡುವಿನ ಗಟ್ಟಿ ಕಡ್ಡಿಯನ್ನೂ ಬುಡದ ತೆಳು ಪೊರೆಯನ್ನೂ ತೆಗೆದೆಸೆದು, ಉಳಿದದ್ದನ್ನು ಸಣ್ಣಗೆ ಹೆಚ್ಚಿದ ಕೂಡಲೇ ಮಜ್ಜಿಗೆಗೆ ಹಾಕುತ್ತಾರೆ. ತಡಮಾಡಿದರೆ ಹೆಚ್ಚಿದ್ದೆಲ್ಲ ಕಪ್ಪಾಗುತ್ತದೆ; ಕೈಗೆ ಹತ್ತಿದ ಕರೆ ಸೋಪಿಗೂ ಜಗ್ಗುವುದಿಲ್ಲ. ಕರಾವಳಿಯವರು ಪೂಂಬೆ ಎನ್ನಲಿ, ಹವ್ಯಕರ ಮನೆಗಳಲ್ಲಿ ಕುಂಡಿಗೆ ಎನ್ನಲಿ, ಬಯಲುಸೀಮೆಯವರು ಬರೀ ಬಾಳೆಹೂವು ಎನ್ನಲಿ, ಕೆಲಸದ ಕ್ರಮ ಹೆಚ್ಚುಕಡಿಮೆ ಇದೇ. ಇದರ ಹಿಂದಿನ ಕಾರಣ ಇಂದು ಚೆನ್ನಾಗಿ ಗೊತ್ತಿದೆ. ಕತ್ತಿ ತಾಗಿದೊಡನೆ ಹೂವಿನ ಕೋಶಗಳು ಒಡೆದು, ಅದರೊಳಗಿನ ಪಾಲಿಫಿನಾಲ್‌ಗಳು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಕಪ್ಪಾಗುತ್ತವೆ. ಅದನ್ನು ಮಾಡಿಸುವ ಕಿಣ್ವವನ್ನು ಮಜ್ಜಿಗೆಯ ಹುಳಿ ತಡೆಯುತ್ತದೆ. ನಾಲಿಗೆಯ ಜೊಲ್ಲಿನ ಪ್ರೋಟೀನಿಗೆ ಅಂಟಿ ಒಗರೆನಿಸುವ ಟ್ಯಾನಿನ್ನು ಹಾಲಿನ ಪ್ರೋಟೀನು ಸಿಕ್ಕಿದರೆ ಅದಕ್ಕೇ ಅಂಟಿಕೊಳ್ಳುತ್ತದೆ. ಅಂದರೆ ಅಡುಗೆಮನೆಯಲ್ಲಿ ನಡೆಯುತ್ತಿದ್ದದ್ದೂ ಬೇರ್ಪಡಿಸುವ ಕೆಲಸವೇ. ಒಗರನ್ನು ದ್ರವಕ್ಕೆ ಇಳಿಸಿ, ದ್ರವವನ್ನು ಚೆಲ್ಲಿ, ಹೂವನ್ನು ಉಳಿಸಿಕೊಳ್ಳುವುದು ಅದರ ರೀತಿ. ಪ್ರಯೋಗಾಲಯ ಬಂದಾಗ ಇದು ತಲೆಕೆಳಗಾಯಿತು: ಹೂವನ್ನು ಚೆಲ್ಲಿ ದ್ರವವನ್ನು ಉಳಿಸಿಕೊಂಡಿತು.

ಈ ತಿರುವಿನ ಚರಿತ್ರೆಯನ್ನು ಸಾಮಾನ್ಯವಾಗಿ ಒಂದೇ ಗೆರೆಯಲ್ಲಿ ಹೇಳಿಬಿಡುತ್ತಾರೆ: ಹಿರಿಯರಿಗೆ ಮೊದಲೇ ಗೊತ್ತಿತ್ತು, ವಿಜ್ಞಾನ ಈಗ ಒಪ್ಪಿದೆ. ನನಗೆ ಇದು ಸರಿಯೆನಿಸುವುದಿಲ್ಲ. ಬಾಳೆ ಮೂತಿಯೊಳಗೆ ಒಂದೇ ಒಂದು ಸಾರ ಯಾವತ್ತಿನಿಂದಲೋ ಕಾದು ಕೂತಿರಲಿಲ್ಲ. ಬೇರೆ ಬೇರೆ ಕಾಲದವರು ಬೇರೆ ಬೇರೆ ಪ್ರಶ್ನೆ ಹಿಡಿದು, ಬೇರೆ ಬೇರೆ ದ್ರವ ಸುರಿದು, ಬೇರೆ ಬೇರೆ ವಸ್ತುಗಳನ್ನು ಅದರಿಂದ ಇಳಿಸಿಕೊಂಡಿದ್ದಾರೆ. ಒಬ್ಬರ ಉತ್ತರವನ್ನು ಇನ್ನೊಬ್ಬರ ಪ್ರಶ್ನೆಗೆ ಅಂಟಿಸಿದರೆ ಇಬ್ಬರಿಗೂ ಅನ್ಯಾಯವಾಗುತ್ತದೆ. 16ನೇ ಶತಮಾನದ ಮಂಗರಸ ವಾರ್ಧಕ ಷಟ್ಪದಿಯಲ್ಲಿ ಬರೆದ ‘ಸೂಪಶಾಸ್ತ್ರ’ದಲ್ಲಿ ಬದನೆ, ಹಲಸುಗಳ ಜೊತೆ ಬಾಳೆಯ ಹೂವಿಗೂ ಜಾಗವಿದೆ, ಅಲ್ಲಿ ಅದು ರುಚಿಯ ಪದಾರ್ಥ. ಹೆಚ್ಚುಕಡಿಮೆ ಅದೇ ಶತಮಾನದ ಸಂಸ್ಕೃತ ಗ್ರಂಥ ‘ಭಾವಪ್ರಕಾಶ’ ಕದಲೀಪುಷ್ಪವನ್ನು ತರಕಾರಿಗಳ ನಡುವೆ ಇಟ್ಟು, ಸಿಹಿ, ಒಗರು, ತಂಪು, ಜೀರ್ಣಕ್ಕೆ ಭಾರ ಎಂದು ಅದರ ಗುಣ ಹೇಳುತ್ತದೆ. ವಾತಪಿತ್ತ, ರಕ್ತಪಿತ್ತ, ಕ್ಷಯಗಳ ಹೆಸರೆತ್ತುತ್ತದೆ. ಇಂದು ಬಾಳೆಹೂವಿನ ಹೆಸರಿನೊಡನೆ ತಪ್ಪದೆ ಕೇಳಿಬರುವ ಸಕ್ಕರೆ ಕಾಯಿಲೆಯ ಮಾತು ಆ ಶ್ಲೋಕದಲ್ಲಿಲ್ಲ. ಆ ಕಾಲದವರಿಗೆ ಮಧುಮೇಹ ಚೆನ್ನಾಗಿ ಗೊತ್ತಿದ್ದ ರೋಗ. ಹೂವಿನ ಗುಣ ಬರೆಯುವಾಗ ಅದನ್ನು ಸೇರಿಸಬೇಕೆಂದು ಗ್ರಂಥಕಾರನಿಗೆ ಅನಿಸಲಿಲ್ಲ, ಅಷ್ಟೆ.

ರಸಾಯನಶಾಸ್ತ್ರ ಈ ಹೂವಿನ ಹತ್ತಿರ ಬಂದದ್ದೂ ಔಷಧಿ ಹುಡುಕಿಕೊಂಡಲ್ಲ, ಬಣ್ಣ ಹುಡುಕಿಕೊಂಡು. ಹೂಗಳ ಕೆಂಪು, ನೀಲಿ, ನೇರಳೆಗಳಿಗೆಲ್ಲ ಆಂಥೋಸಯನಿನ್ ಎಂಬ ಒಂದೇ ಕುಲದ ವಸ್ತುಗಳು ಕಾರಣವೆಂದು ಜರ್ಮನಿಯ ರಿಚರ್ಡ್ ವಿಲ್‌ಸ್ಟೇಟರ್ 20ನೇ ಶತಮಾನದ ಎರಡನೆಯ ದಶಕದಲ್ಲಿ ಬಿಡಿಸಿ ತೋರಿಸಿದರು. ಸಸ್ಯವರ್ಣಗಳ ಮೇಲಿನ ಕೆಲಸಕ್ಕೆ 1915ರ ನೊಬೆಲ್ ಬಹುಮಾನ ಅವರಿಗೆ ಬಂತು. 1954ರಲ್ಲಿ ನಾರ್ಮನ್ ಸಿಮಂಡ್ಸ್ ಬಾಳೆಯ ಆಂಥೋಸಯನಿನ್‌ಗಳ ಬಗ್ಗೆ ಬರೆದರು. ಯಾವ ಬಾಳೆ ಯಾವ ಕಾಡುಬಾಳೆಯ ಸಂತಾನ ಎಂಬುದು ಅವರನ್ನು ಕಾಡಿದ ಪ್ರಶ್ನೆ. ಮರುವರ್ಷ ಅವರೂ ಕೆನ್ ಶೆಫರ್ಡ್ ಅವರೂ ಸೇರಿ ಬಾಳೆತಳಿಗಳನ್ನು ವಿಂಗಡಿಸುವ 15 ಲಕ್ಷಣಗಳ ಪಟ್ಟಿ ಕೊಟ್ಟರು. ಅದರಲ್ಲಿ 10 ಲಕ್ಷಣಗಳು ಮೂತಿಗೆ ಸೇರಿದವು: ಹಾಳೆಯ ಹೆಗಲು, ಸುರುಳಿ, ಆಕಾರ, ತುದಿ, ಬಣ್ಣ, ಆ ಬಣ್ಣ ಬುಡದ ಕಡೆಗೆ ಮಾಸುವ ರೀತಿ, ಹಾಳೆ ಉದುರಿದಲ್ಲಿ ಉಳಿಯುವ ಗುರುತು, ಗಂಡು ಹೂವಿನ ದಳ ಮತ್ತು ಬಣ್ಣ, ಶಲಾಕಾಗ್ರದ ಬಣ್ಣ. ನಂಜನಗೂಡು ರಸಬಾಳೆ, ಏಲಕ್ಕಿ ಬಾಳೆ ಎರಡೂ ಎರಡು ಕಾಡುಬಾಳೆಗಳ ಬೆರಕೆ. ರಸಬಾಳೆಯಲ್ಲಿ ಒಂದರ ಪಾಲು ಎರಡು, ಇನ್ನೊಂದರದು ಒಂದು. ಏಲಕ್ಕಿಯಲ್ಲಿ ಎರಡರದ್ದೂ ಸಮಪಾಲು. ಈ ಲೆಕ್ಕವನ್ನು ಇಂದು ನಾವು ಹಾಕುವುದು ಅವರು ಹಾಕಿಕೊಟ್ಟ ದಾರಿಯಲ್ಲೇ. 2001ರಲ್ಲಿ ಆಹಾರಕ್ಕೆ ಬಳಸುವ ಸಹಜ ಬಣ್ಣದ ಆಸೆಯಿಂದ ಇನ್ನೊಂದು ತಂಡ ಹಾಳೆಗಳನ್ನು ಅರೆದು ನೋಡಿತು: 100 ಗ್ರಾಂ ಹಾಳೆಯಲ್ಲಿ ಸುಮಾರು 32 ಮಿಲಿಗ್ರಾಂ ಆಂಥೋಸಯನಿನ್. ಪಲ್ಯ ಮಾಡುವವರು ಮೊದಲು ಕಿತ್ತೆಸೆಯುವ ಭಾಗವೇ ಇಲ್ಲಿ ಬೆಲೆಯುಳ್ಳದ್ದಾಯಿತು.

ಸಕ್ಕರೆ ಕಾಯಿಲೆಯ ಪ್ರಶ್ನೆ ಇದಕ್ಕೆ ಸಮಾನಾಂತರವಾಗಿ, ಬೇರೆ ಕಡೆಯಿಂದ ಬಂತು. ಇನ್ಸುಲಿನ್ ಬಂದು ದಶಕಗಳಾದ ಮೇಲೂ ಬಾಯಿಂದ ತೆಗೆದುಕೊಳ್ಳುವ ಅಗ್ಗದ ಮದ್ದಿನ ಹುಡುಕಾಟ ಭಾರತದಲ್ಲಿ ನಡೆದೇ ಇತ್ತು. 1967ರಲ್ಲಿ ದೇಶೀ ಮೂಲದ ಸಕ್ಕರೆ ಇಳಿಸುವ ಮದ್ದುಗಳ ಮೇಲೆ ಪ್ರಕಟವಾದ ಒಂದು ಲೇಖನದಲ್ಲಿ ಬಾಳೆಹೂವೂ ಇತ್ತು. ಶತಮಾನದ ಕೊನೆಗೆ ತಮಿಳುನಾಡಿನ ಅಣ್ಣಾಮಲೈ ವಿಶ್ವವಿದ್ಯಾಲಯದಲ್ಲಿ ಹೂವಿನ ಸಾರವನ್ನು ಕ್ಲೋರೋಫಾರ್ಮಿನಲ್ಲಿ ಇಳಿಸಿ, ಅಲಾಕ್ಸಾನ್ ಕೊಟ್ಟು ಮಧುಮೇಹ ಬರಿಸಿದ ಇಲಿಗಳಿಗೆ ಉಣಿಸಿದರು. ರಕ್ತದ ಸಕ್ಕರೆ ಇಳಿಯಿತು. ಆಮೇಲೆ ಮೈಸೂರಿನ ಸರದಿ. 1950ರಲ್ಲಿ ಚೆಲುವಾಂಬ ಅರಮನೆಯಲ್ಲಿ ಶುರುವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಏಲಕ್ಕಿ ಬಾಳೆಯ ಹೂವು, ದಿಂಡುಗಳಲ್ಲಿನ ನಾರನ್ನೂ ಅದರೊಂದಿಗೆ ಅಂಟಿಕೊಂಡ ಫಿನಾಲ್‌ಗಳನ್ನೂ 2011–12ರ ಹೊತ್ತಿಗೆ ಅಳೆದರು. 2016ರಲ್ಲಿ ಮೈಸೂರಿನದೇ ಇನ್ನೊಂದು ತಂಡ ನಂಜನಗೂಡು ರಸಬಾಳೆಯ ಹೂವಿನಿಂದ ಅಂಬೆಲಿಫೆರೋನ್, ಲೂಪಿಯೋಲ್ ಎಂಬ ಎರಡು ಶುದ್ಧ ವಸ್ತುಗಳನ್ನು ಬೇರ್ಪಡಿಸಿ, ಮಧುಮೇಹದ ಇಲಿಗಳಲ್ಲಿ ಅವುಗಳ ಪರಿಣಾಮವನ್ನು ಪ್ರಕಟಿಸಿತು.

ಬೇರ್ಪಡಿಸುವುದೆಂದರೇನು ಎಂಬುದನ್ನು ಹತ್ತಿರದಿಂದ ನೋಡಬೇಕು, ವಾದದ ತಿರುಳಿರುವುದು ಅಲ್ಲೇ. ಹೂವನ್ನು ಒಣಗಿಸಿ ಪುಡಿಮಾಡಿ ಸಾಕ್ಸ್‌ಲೆಟ್ ಎಂಬ ಗಾಜಿನ ಉಪಕರಣಕ್ಕೆ ತುಂಬುವುದು ಇಂಥ ಕೆಲಸದಲ್ಲಿ ರೂಢಿ. 1879ರಲ್ಲಿ ಫ್ರಾಂಜ್ ಫಾನ್ ಸಾಕ್ಸ್‌ಲೆಟ್ ಅದನ್ನು ಮಾಡಿದ್ದು ಹಾಲಿನ ಕೊಬ್ಬು ಅಳೆಯಲಿಕ್ಕೆ. ಕೆಳಗಿನ ಬುರುಡೆಯಲ್ಲಿ ಆಲ್ಕೊಹಾಲು ಕುದಿದು, ಆವಿಯಾಗಿ ಮೇಲೇರಿ, ತಣಿದು ಪುಡಿಯ ಮೇಲೆ ಹನಿಹನಿಯಾಗಿ ಬೀಳುತ್ತದೆ. ಕೊಳವೆ ತುಂಬಿದಾಗ ತಾನಾಗಿ ಕೆಳಗಿಳಿಯುತ್ತದೆ, ಮತ್ತೆ ಕುದಿಯುತ್ತದೆ. ಹೀಗೆ ಗಂಟೆಗಟ್ಟಲೆ. ಬಂದ ಕಷಾಯವನ್ನು ಇಂಗಿಸಿ, ಸಿಲಿಕಾ ಪುಡಿ ತುಂಬಿದ ಉದ್ದನೆಯ ಗಾಜಿನ ಕೊಳವೆಯ ನೆತ್ತಿಗೆ ಹಾಕಿ, ಒಂದೊಂದೇ ದ್ರಾವಕ ಸುರಿದು ಪಾಲುಪಾಲಾಗಿ ಇಳಿಸುತ್ತಾರೆ. ಪ್ರತಿ ಪಾಲನ್ನೂ ಪರೀಕ್ಷಿಸಿ, ಕೆಲಸ ಮಾಡುವ ಪಾಲನ್ನು ಮಾತ್ರ ಹಿಡಿದು, ಅದನ್ನು ಮತ್ತೆ ಒಡೆಯುತ್ತಾರೆ. ಅಂಬೆಲಿಫೆರೋನ್ ಇದ್ದ ಚುಕ್ಕೆ ಅತಿನೇರಳೆ ಬೆಳಕಿಗೆ ತಿಳಿನೀಲಿಯಾಗಿ ಹೊಳೆಯುತ್ತದೆ. ಲೂಪಿಯೋಲ್ ಹೊಳೆಯುವುದಿಲ್ಲ, ಅದು ಮೇಣದಂಥ, ನೀರಿಗೆ ಕರಗದ ವಸ್ತು. ಈ ದಾರಿಯ ಒಂದೊಂದು ಕವಲಿನಲ್ಲೂ ಆಯ್ಕೆಯಿದೆ. ಕ್ಲೋರೋಫಾರ್ಮು ಎತ್ತಿಕೊಂಡದ್ದನ್ನೆಲ್ಲ ಆಲ್ಕೊಹಾಲು ಎತ್ತಿಕೊಳ್ಳುವುದಿಲ್ಲ; ಆಲ್ಕೊಹಾಲು ಎತ್ತಿಕೊಂಡದ್ದು ಮಜ್ಜಿಗೆಗೆ ಪೂರ್ತಿ ಇಳಿಯುವುದಿಲ್ಲ. ಯಾವ ಪರೀಕ್ಷೆ ಇಟ್ಟೆವೋ ಅದಕ್ಕೆ ಉತ್ತರ ಕೊಡುವ ವಸ್ತುವೇ ಕೊನೆಗೆ ಕೈಗೆ ಸಿಗುತ್ತದೆ. ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವವನ್ನು ತಡೆಯುವ ವಸ್ತು ಬೇಕೆಂದರೆ ಅದು, ಬಣ್ಣ ಬೇಕೆಂದರೆ ಬಣ್ಣ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಹೀಗೆ ಬಿಡಿಸದೇ ಹೋಗಿದ್ದರೆ ಔಷಧವಿಜ್ಞಾನವೇ ಇರುತ್ತಿರಲಿಲ್ಲ. 1820ರಲ್ಲಿ ಪೆಲೆಟಿಯೇ, ಕಾವಾಂಟೂ ಸಿಂಕೋನಾ ತೊಗಟೆಯಿಂದ ಕ್ವಿನೈನ್ ಬೇರ್ಪಡಿಸದೆ ಮಲೇರಿಯಾಕ್ಕೆ ನಂಬಬಹುದಾದ ಪ್ರಮಾಣ ಸಿಗುತ್ತಿರಲಿಲ್ಲ. ನಮ್ಮ ಸರ್ಪಗಂಧಿಯಿಂದ 1952ರಲ್ಲಿ ರೆಸರ್ಪಿನ್ ಹೊರಬಂದ ಮೇಲೆಯೇ ರಕ್ತದೊತ್ತಡದ ಚಿಕಿತ್ಸೆಗೆ ಹೊಸ ದಿಕ್ಕು ಸಿಕ್ಕಿತು. ಈ ಮಾತು ನಿಜ, ಆ ಕೆಲಸದ ದೊಡ್ಡತನ ಕಡಿಮೆಯಲ್ಲ. ಆದರೆ ಕ್ವಿನೈನಿಗೆ ಸಿಂಕೋನಾದ ಕುಲವೇ ಬೇಕು. ಅಂಬೆಲಿಫೆರೋನ್ ಹಾಗಲ್ಲ: ಕ್ಯಾರೆಟ್, ಕೊತ್ತಂಬರಿಯ ಕುಲದಿಂದಲೇ ಅದಕ್ಕೆ ಹೆಸರು ಬಂದದ್ದು; 1880ರ ದಶಕದಲ್ಲೇ ಹಾನ್ಸ್ ಫಾನ್ ಪೆಖ್‌ಮನ್ ರಿಸಾರ್ಸಿನಾಲ್, ಮ್ಯಾಲಿಕ್ ಆಮ್ಲಗಳಿಂದ ಅದನ್ನು ಕೃತಕವಾಗಿ ತಯಾರಿಸಿ ತೋರಿಸಿದ್ದರು. ಲೂಪಿಯೋಲಿನ ಹೆಸರು ಬಂದದ್ದು ಲೂಪಿನ್ ಎಂಬ ಬೇಳೆಗಿಡದಿಂದ, ಮಾವಿನಲ್ಲೂ ಅದಿದೆ. ಹಾಗಾಗಿ ಮೈಸೂರಿನ ಕೆಲಸದ ಬೆಲೆ ಹೊಸ ವಸ್ತು ಕಂಡುಹಿಡಿದದ್ದರಲ್ಲಿಲ್ಲ. ಹೆಸರಿರುವ ಒಂದು ತಳಿಯ, ನಿರ್ದಿಷ್ಟ ಭಾಗದಲ್ಲಿ, ಒಂದು ಪರಿಣಾಮಕ್ಕೆ ಯಾವುದು ಕಾರಣವಾಗಿರಬಹುದು ಎಂದು ಬೊಟ್ಟುಮಾಡಿದ್ದರಲ್ಲಿದೆ. ಅದು ವಿವರಣೆ, ಮದ್ದಲ್ಲ. ಅಲಾಕ್ಸಾನ್ ಇಲಿಯ ಮೇದೋಜೀರಕದಲ್ಲಿ ಇನ್ಸುಲಿನ್ ಮಾಡುವ ಕೋಶಗಳನ್ನೇ ಕೊಲ್ಲುತ್ತದೆ. ನಡುವಯಸ್ಸಿನಲ್ಲಿ ಮನುಷ್ಯರಿಗೆ ಬರುವ ಮಧುಮೇಹ ಬಹುಪಾಲು ಬೇರೆ ದಾರಿಯಲ್ಲಿ, ಇನ್ಸುಲಿನ್ನಿಗೆ ದೇಹ ಮೊಂಡುಬಿದ್ದು ಬರುವಂಥದ್ದು. ಇಲಿಗೆ ಕೊಟ್ಟ ಶುದ್ಧ ವಸ್ತುವಿನ ಫಲವನ್ನು ಬಾಳೆಹೂವಿನ ಪುಡಿಯ ಪೊಟ್ಟಣದ ಮೇಲೆ ಮುದ್ರಿಸಿದರೆ, ಗುಳಿಗೆ ಬಿಟ್ಟು ಪುಡಿ ಹಿಡಿದ ರೋಗಿಗೆ ಆಗುವ ಹಾನಿ ಸಣ್ಣದಲ್ಲ.

ಎರಡನೆಯ ಆಕ್ಷೇಪ ಇನ್ನೊಂದು ಬದಿಯಿಂದ ಬರುತ್ತದೆ. ಅಡುಗೆಮನೆಯ ಕೆಲಸವನ್ನು ರಸಾಯನಶಾಸ್ತ್ರದ ಸಾಲಿಗೆ ತರುವುದು ಬರೀ ಅಭಿಮಾನ, ಮಜ್ಜಿಗೆಗೆ ಹಾಕಿದವರಿಗೆ ಟ್ಯಾನಿನ್ನಿನ ಹೆಸರೂ ಗೊತ್ತಿರಲಿಲ್ಲ ಎಂದು. ಹೆಸರು ಗೊತ್ತಿರಲಿಲ್ಲ, ಒಪ್ಪುತ್ತೇನೆ. ಆದರೆ ಯಾವ ದ್ರವ, ಎಷ್ಟು ಹೊತ್ತು, ಯಾವ ಭಾಗ ಬೇಡ, ಎಷ್ಟು ಹುಳಿ ಎಂಬುದನ್ನು ತಪ್ಪಿ ತಿದ್ದಿ ಗೊತ್ತುಮಾಡಿಕೊಂಡು, ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ದಾಟಿಸಿದ್ದು ತಿಳಿವಳಿಕೆಯಲ್ಲದೆ ಇನ್ನೇನು? ಅವರ ಪ್ರಶ್ನೆ ಬೇರೆಯಿತ್ತು, ಇದನ್ನು ತಿನ್ನುವಂತೆ ಮಾಡುವುದು ಹೇಗೆ ಎಂದು. ಅದಕ್ಕೆ ಅವರು ಕೊಟ್ಟ ಉತ್ತರವನ್ನು ಯಾವ ಪ್ರಯೋಗಾಲಯವೂ ಇದುವರೆಗೆ ಉತ್ತಮಪಡಿಸಿಲ್ಲ. ಮಜ್ಜಿಗೆಯಲ್ಲಿ ಕೆಲವು ಫಿನಾಲ್‌ಗಳು ಹೋದರೂ ನಾರು ಹೋಗುವುದಿಲ್ಲ; ನೀರಿಗೆ ಕರಗದ ಲೂಪಿಯೋಲಿನಂಥವು ಒಗ್ಗರಣೆಯ ಎಣ್ಣೆಯ ಜೊತೆ ಬಾಣಲೆಯಲ್ಲೇ ಇರುತ್ತವೆ. ಮಜ್ಜಿಗೆಗೆ ಹಾಕಿದರೆ ಸತ್ವವೆಲ್ಲ ಹೋಯಿತು ಎಂದು ಹಸಿಯಾಗಿಯೇ ಅರೆದು ಕುಡಿಯುವವರು ಇದನ್ನು ನೆನಪಿಡಬಹುದು.

ಇನ್ನುಳಿದದ್ದು ತಳಿಯ ಮಾತು. ಗೊನೆಯ ಕಾಯಿಚಿಪ್ಪುಗಳು ಮೂಡಿದ ಮೇಲೆ ತುದಿಯ ಮೂತಿಯಲ್ಲಿ ಉಳಿಯುವುದು ಗಂಡು ಹೂಗಳು. ಕಾಯಿ ದಪ್ಪವಾಗಲೆಂದು ರೈತರು ಅದನ್ನು ಹೇಗೂ ಕತ್ತರಿಸುತ್ತಾರೆ. ಕಚ್ಚಾವಸ್ತುವಿಗೆ ಹಾಗೆ ಕೊರತೆಯಿಲ್ಲ, ರಸಬಾಳೆಯ ವಿಷಯವೊಂದನ್ನು ಬಿಟ್ಟು. ಪನಾಮಾ ಸೊರಗು ರೋಗದ ಶಿಲೀಂಧ್ರ ನಂಜನಗೂಡು ಸುತ್ತಿನ ತೋಟಗಳಿಗೆ ಹೊಕ್ಕ ಮೇಲೆ ರಸಬಾಳೆ ಮೊದಲಿನ ನೆಲವನ್ನು ಬಹುಪಾಲು ಕಳೆದುಕೊಂಡಿದೆ. ಆ ಶಿಲೀಂಧ್ರ ಬೆಳೆಯಿಲ್ಲದೆಯೂ ವರ್ಷಗಟ್ಟಲೆ ಮಣ್ಣಿನಲ್ಲಿ ಬದುಕುತ್ತದೆ, ಸೋಂಕಿದ ಕಂದಿನ ಜೊತೆ ಹೊಸ ಹೊಲಕ್ಕೆ ಹೋಗುತ್ತದೆ. ಭೌಗೋಳಿಕ ಸೂಚಕದ ಮಾನ್ಯತೆ ಹೆಸರನ್ನು ಕಾದೀತು, ಬೇರನ್ನು ಕಾಯಲಾರದು. ಅಂಬೆಲಿಫೆರೋನನ್ನು ಇಂದು ರಾಸಾಯನಿಕ ಮಾರುವವರಲ್ಲಿ ಬಾಟಲಿಗಟ್ಟಲೆ ಕೊಳ್ಳಬಹುದು. ಅದೇ ಪ್ರಯೋಗವನ್ನು ಅದೇ ಹೂವಿನ ಮೇಲೆ ಮತ್ತೊಮ್ಮೆ ಮಾಡಿ ನೋಡಬೇಕೆನ್ನುವವರಿಗೆ ಬೇಕಾಗುವುದು ರೋಗವಿಲ್ಲದ ಕಂದು, ಸೋಂಕಿಲ್ಲದ ಮಣ್ಣು, ಮತ್ತು ಅದನ್ನು ಇನ್ನೂ ನೆಡುವ ರೈತ.