ತಳ ಕಳಚಿಕೊಂಡ ಕೀಶ್

ನಾಲ್ಕು ಮೊಟ್ಟೆ ಒಡೆದು, ಒಂದೂವರೆ ಬಟ್ಟಲು ಹಾಲು-ಕೆನೆ ಬೆರೆಸಿ, ಬೆಣ್ಣೆ ಸವರಿದ ತಟ್ಟೆಗೆ ಸುರಿದು ಓವನ್ನಿನಲ್ಲಿಟ್ಟರೆ ಭಾನುವಾರದ ಬ್ರಂಚ್‌ಗೆ ಕೀಶ್ ಸಿದ್ಧ. ಹಿಟ್ಟು ನಾದಿ ಲಟ್ಟಿಸುವ ಗೊಡವೆಯಿಲ್ಲ. ಆದರೆ ಹಿಟ್ಟಿನ ತಳವೇ ಇಲ್ಲದ ಮೇಲೆ ಅದು ಕೀಶ್ ಹೇಗಾದೀತು ಎಂದು ತಕರಾರು ತೆಗೆಯುವವರಿದ್ದಾರೆ. ತಕರಾರಿನಲ್ಲಿ ಹುರುಳಿಲ್ಲದಿಲ್ಲ. ಕೀಶ್ ಎಂಬ ಪದದ ಬೇರು ಜರ್ಮನ್ನಿನ ‘ಕೂಖನ್’, ಎಂದರೆ ಕೇಕು.

ಫ್ರೆಂಚರ ತಿಂಡಿಗೆ ಜರ್ಮನ್ ಹೆಸರೇಕೆ? ಅದರ ತವರಾದ ಲೊರೇನ್ ಎರಡೂ ಭಾಷೆಗಳ ಗಡಿಸೀಮೆ. ಡ್ಯೂಕರು ಆಳುತ್ತಿದ್ದ ಈ ನಾಡು ಫ್ರಾನ್ಸಿಗೆ ಸೇರಿದ್ದು 1766ರಲ್ಲಿ. ಅದರ ಒಂದು ಭಾಗವನ್ನು 1871ರಲ್ಲಿ ಜರ್ಮನಿ ಕಿತ್ತುಕೊಂಡಿತು. ಮೊದಲ ಮಹಾಯುದ್ಧದ ನಂತರ ಅದು ಮರಳಿ, 1940ರಲ್ಲಿ ಮತ್ತೆ ಕೈಬಿಟ್ಟು, ಯುದ್ಧ ಮುಗಿಯುವಾಗ ಪುನಃ ಫ್ರಾನ್ಸಿನದಾಯಿತು.

ಈ ಸೀಮೆಯ ಹಳೆಯ ಕೀಶ್‌ಗೆ ತಳವಾಗಿದ್ದುದು ಬ್ರೆಡ್ಡಿನ ಹಿಟ್ಟು. ಈಗಿನ ಗರಿಗರಿ ಬೆಣ್ಣೆಹಿಟ್ಟು ಆಮೇಲಿನದು. ಇಂದು ಎಲ್ಲರೂ ಉದುರಿಸುವ ಚೀಸ್ ಕೂಡ ಮೂಲದಲ್ಲಿ ಇರಲಿಲ್ಲ. ಹೀಗೆ ತಳವೂ ಹೂರಣವೂ ಬದಲಾಗುತ್ತ ಬಂದರೂ ಉಳಿದುಕೊಂಡದ್ದು ಮೊಟ್ಟೆ-ಕೆನೆಯ ಮಿಶ್ರಣ. ಲೊರೇನಿನವರು ಅದನ್ನು ‘ಮಿಗೇನ್’ ಎನ್ನುತ್ತಾರೆ. ತಳ ಬಿಟ್ಟವರ ತಟ್ಟೆಯಲ್ಲಿರುವುದೂ ಅದೇ.

ತಳವಿಲ್ಲದಾಗ ಬಿಸಿ ಪಾತ್ರೆಯಿಂದ ನೇರವಾಗಿ ಮೊಟ್ಟೆಗೆ ತಾಗುತ್ತದೆ. ಸೊಪ್ಪು ಹಾಕುವುದಾದರೆ ಬಾಡಿಸಿ, ಚೆನ್ನಾಗಿ ಹಿಂಡಿರಬೇಕು. 180 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು ಅರ್ಧ ಗಂಟೆ ಸಾಕು. ನಡುಭಾಗ ಇನ್ನೂ ತುಸು ನಡುಗುತ್ತಿರುವಾಗಲೇ ಹೊರತೆಗೆಯಬೇಕು. ತಡವಾದರೆ ಮೊಟ್ಟೆ ಬಿಗಿದು ನೀರು ಬಿಡುತ್ತದೆ.