ಹೊತ್ತು ತಂದ ಚಳಿ

ಮುಲುಂಡಿನಲ್ಲಿ ಹಿಮ ಬೀಳುವುದಿಲ್ಲ. ಜನವರಿಯ ನಸುಕಿನಲ್ಲಿ ಸ್ಟೇಷನ್ನಿಗೆ ಬಂದವರು ಕಿವಿಗೆ ಮಫ್ಲರ್ ಸುತ್ತಿಕೊಂಡು, ಚಹಾದ ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದು ನಿಂತಿರುತ್ತಾರೆ. ಅಲ್ಲಿಗೆ ಅಲ್ಲಿಯ ಚಳಿಗಾಲ ಮುಗಿಯಿತು. ಮುಂಬಯಿಯ ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.4 ಡಿಗ್ರಿ ಸೆಲ್ಸಿಯಸ್. ಅದು 1962ರ ಜನವರಿ 22ರ ಮಾತು. ಈ ಊರಿನವರಿಗೆ ಚಳಿ ತಾನಾಗಿ ಬರುವುದಲ್ಲ, ಹುಡುಕಿಕೊಂಡು ಹೋಗಬೇಕಾದದ್ದು. ರಜೆಯ ಬೆಳಗ್ಗೆ ಕರ್ಜತ್ ಲೋಕಲ್ ಹಿಡಿದರೆ ಸುಮಾರು 55 ಕಿಲೋಮೀಟರ್ ದೂರದಲ್ಲಿ ನೇರಳ್, ಕನ್ನಡದ ಕಿವಿಗೆ ನೆರಳಿನ ಹಾಗೆ ಕೇಳುವ ಊರು. ಅಲ್ಲಿಂದ ಮೇಲೆ ಸುಮಾರು 800 ಮೀಟರ್ ಎತ್ತರದಲ್ಲಿ ಮಾಥೇರಾನ್.

ತನಗಿಲ್ಲದ ಚಳಿಯನ್ನು ಮುಂಬಯಿ ಎರಡು ಬಗೆಯಲ್ಲಿ ಪಡೆಯಿತು. ಮೊದಲು ಚಳಿಯನ್ನೇ ಹಡಗಿನಲ್ಲಿ ತರಿಸಿಕೊಂಡಿತು. ಆಮೇಲೆ ತಾನೇ ಬೆಟ್ಟ ಹತ್ತಿತು. ಎರಡು ಬಗೆಯಲ್ಲೂ ತಂಪನ್ನು ಸವಿದವರು ಒಬ್ಬರು, ಹೊತ್ತವರು ಇನ್ನೊಬ್ಬರು. ಈ ಬೆಟ್ಟದ ಇತಿಹಾಸವನ್ನು ಹೊತ್ತವರ ಕಡೆಯಿಂದ ನೋಡಿದರೆ ಅದು ಬೇರೆಯೇ ಆಗಿ ಕಾಣುತ್ತದೆ.

ಹಡಗಿನ ಕಥೆ ಶುರುವಾಗುವುದು ಅಮೆರಿಕದ ಬಾಸ್ಟನ್‌ನಲ್ಲಿ. ಅಲ್ಲಿನ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ, ಚಳಿಗಾಲದಲ್ಲಿ ಹೆಪ್ಪುಗಟ್ಟುವ ಕೆರೆಗಳ ಮಂಜುಗಡ್ಡೆಯನ್ನು ಕೊಯ್ದು, ಮರದ ಹೊಟ್ಟಿನಲ್ಲಿ ಹುದುಗಿಸಿ, ಬಿಸಿಲ ದೇಶಗಳಿಗೆ ಮಾರುತ್ತಿದ್ದ. 1833ರಲ್ಲಿ ಅವನ 'ಟಸ್ಕನಿ' ಹಡಗು 180 ಟನ್ ಮಂಜುಗಡ್ಡೆ ಹೇರಿಕೊಂಡು ಕಲ್ಕತ್ತೆಗೆ ಹೊರಟಿತು. ನಾಲ್ಕು ತಿಂಗಳ ಪಯಣ, ಭೂಮಧ್ಯರೇಖೆಯನ್ನು ಎರಡು ಸಲ ದಾಟಬೇಕು. ಹೀಗಿದ್ದೂ ಸುಮಾರು 100 ಟನ್ ಕರಗದೆ ಉಳಿಯಿತು. ಮರುವರ್ಷ ಮುಂಬಯಿಗೂ ಅಮೆರಿಕದ ಮಂಜುಗಡ್ಡೆ ಬಂತು. ಜಮ್ಸೆಟ್ಜಿ ಜೀಜಿಭಾಯಿ ತಮ್ಮ ಔತಣದಲ್ಲಿ ಐಸ್‌ಕ್ರೀಂ ಬಡಿಸಿದರೆಂದೂ, ತಿಂದವರಿಗೂ ಬಡಿಸಿದವರಿಗೂ ನೆಗಡಿಯಾಯಿತೆಂದು 'ಮುಂಬಯಿ ಸಮಾಚಾರ' ಚುಚ್ಚಿ ಬರೆಯಿತೆಂದೂ ನಗರದ ಇತಿಹಾಸಕಾರರು ಹೇಳುತ್ತ ಬಂದಿದ್ದಾರೆ. ಮುಂಬಯಿ, ಕಲ್ಕತ್ತೆ, ಮದ್ರಾಸುಗಳಲ್ಲಿ ಈ ಮಂಜುಗಡ್ಡೆಗೆಂದೇ ಮನೆಗಳೆದ್ದವು. ಈಗ ಉಳಿದಿರುವುದು ಮದ್ರಾಸಿನದು ಒಂದೇ. 1897ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದ ಕಟ್ಟಡವೆಂದು ಅದು ಹೆಸರಾಗಿದೆ.

ಕೊಯ್ಲಿನ ಚಿತ್ರವನ್ನು ಕಣ್ಣಾರೆ ಕಂಡು ಬರೆದಿಟ್ಟವನು ಹೆನ್ರಿ ಡೇವಿಡ್ ಥೋರೋ. ಕಾಂಕರ್ಡ್ ಊರಿನ ವಾಲ್ಡನ್ ಕೊಳದ ದಂಡೆಯಲ್ಲಿ, ಹದಿನೈದಡಿ ಉದ್ದ, ಹತ್ತಡಿ ಅಗಲದ ಮರದ ಮನೆಯನ್ನು ತಾನೇ ಕಟ್ಟಿಕೊಂಡು, 1845ರ ಜುಲೈಯಿಂದ 1847ರ ಸೆಪ್ಟೆಂಬರ್‌ವರೆಗೆ ಅವನು ಒಬ್ಬನೇ ಬಾಳಿದ. ಹಿಮದ ನಡುವೆ ಒಂಟಿ ಮನೆ ಎಂದಾಗ ಇಂದಿಗೂ ಅನೇಕರಿಗೆ ನೆನಪಾಗುವುದು ಅವನ ಮನೆಯೇ. ಆದರೆ 1846-47ರ ಚಳಿಗಾಲದಲ್ಲಿ ಆ ಏಕಾಂತದ ಎದುರಿಗೇ ನೂರು ಮಂದಿ ಐರಿಷ್ ಕೂಲಿಗಳು ಗರಗಸ, ಹಾರೆ ಹಿಡಿದು ದಿನವೂ ಬಂದಿಳಿದರು. ಕೊಳದ ಮೇಲ್ಪದರವನ್ನು ಹೊಲದಂತೆ ಗೆರೆ ಎಳೆದು ಕೊಯ್ದರು, ಗಡ್ಡೆಗಳನ್ನು ಒಟ್ಟಿದರು. ಕೆಲವರು ನೀರಿಗೆ ಬಿದ್ದು, ಥೋರೋನ ಒಲೆಯ ಮುಂದೆ ಬಂದು ಮೈ ಕಾಯಿಸಿಕೊಂಡರು. ಮದ್ರಾಸು, ಮುಂಬಯಿ, ಕಲ್ಕತ್ತೆಯ ಜನ ಇನ್ನು ತನ್ನ ಕೊಳದ ನೀರು ಕುಡಿಯುತ್ತಾರೆ ಎಂದು ಥೋರೋ ಅಚ್ಚರಿಯಿಂದ ಬರೆದ. ಆ ವರ್ಷ ಅಂದಾಜು ಹತ್ತು ಸಾವಿರ ಟನ್‌ನಷ್ಟು ಒಟ್ಟಿದ ರಾಶಿಯಲ್ಲಿ ಒಂದು ಭಾಗವಷ್ಟೇ ಸಾಗಿತು. ಉಳಿದದ್ದು 1848ರವರೆಗೆ ನಿಧಾನವಾಗಿ ಕರಗಿ ಕೊಳಕ್ಕೇ ಮರಳಿತು. ಕೂಲಿಗಳ ಹೆಸರು ಮಾತ್ರ ಅವನ ಪುಸ್ತಕದಲ್ಲಿ ಉಳಿಯಲಿಲ್ಲ.

ಹಡಗಿನ ಚಳಿ ಲೋಟದಲ್ಲಿ ಕರಗಿ ಮುಗಿಯುವಂಥದ್ದು. ಏಪ್ರಿಲ್, ಮೇ ತಿಂಗಳ ಧಗೆಯನ್ನು ಕಳೆಯಲು ಅದು ಸಾಲದು. ಸಾಹೇಬರಿಗೆ ವಾಸಕ್ಕೇ ತಂಪು ಜಾಗ ಬೇಕಿತ್ತು. ಮೈಸೂರಿನ ಕಮಿಷನರ್ ಮಾರ್ಕ್ ಕಬ್ಬನ್ ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ನಂದಿಬೆಟ್ಟದ ಮೇಲೆ ಬೇಸಗೆಯ ಮನೆ ಮಾಡಿಕೊಂಡದ್ದೂ ಇದೇ ಕಾರಣಕ್ಕೆ. ಮುಂಬಯಿಯ ಕಡೆ ಈ ಕೆಲಸ ಮಾಡಿದವನು ಥಾಣೆಯ ಕಲೆಕ್ಟರ್ ಹ್ಯೂ ಪಾಯಿಂಟ್ಜ್ ಮ್ಯಾಲೆಟ್. ಮುಲುಂಡೂ ಆಗ ಅವನ ಜಿಲ್ಲೆಯಲ್ಲಿದ್ದ ಒಂದು ಹಳ್ಳಿ. 1850ರ ಮೇ ತಿಂಗಳಲ್ಲಿ ಚೌಕ್ ಎಂಬಲ್ಲಿ ಬಿಡಾರ ಹೂಡಿದ್ದ ಮ್ಯಾಲೆಟ್, ಎದುರಿಗಿದ್ದ ಬೆಟ್ಟ ಹತ್ತಿ ಹೋದ. ಮೇಲೆ ದಟ್ಟ ಕಾಡು, ನೀರು, ತಣ್ಣನೆಯ ಗಾಳಿ. ಅದೇ ವರ್ಷ ಮತ್ತೆ ಬಂದು ಮನೆ ಕಟ್ಟಲು ತೊಡಗಿದ.

ಮಾಥೇರಾನನ್ನು ಮ್ಯಾಲೆಟ್ 'ಕಂಡುಹಿಡಿದ' ಎಂದು ಪ್ರವಾಸದ ಪುಸ್ತಕಗಳು ಬರೆಯುತ್ತವೆ. ಆದರೆ ಆ ಕಾಡಿಗೆ ಧನಗರರು ದನ ಹೊಡೆದುಕೊಂಡು ಬರುತ್ತಿದ್ದರು. ಠಾಕೂರ್ ಮತ್ತು ಕಾತ್ಕರಿ ಆದಿವಾಸಿಗಳು ಅದರ ಕಾಲುದಾರಿಗಳನ್ನೆಲ್ಲ ಬಲ್ಲವರಾಗಿದ್ದರು. ಬಂಗಲೆಗಳು ಎದ್ದ ಮೇಲೆ ಸಾಮಾನು ಹೊರುವುದಕ್ಕೂ ಪಲ್ಲಕ್ಕಿಗೆ ಹೆಗಲು ಕೊಡುವುದಕ್ಕೂ ಬೇಕಾದದ್ದು ಸುತ್ತಲಿನ ಇಂಥ ಜನರೇ.

ಆ ಹೊತ್ತಿಗೆ ಮುಲುಂಡಿನ ನೆಲದ ಮೇಲೆ ಇನ್ನೊಂದು ದಾರಿ ಮೂಡುತ್ತಿತ್ತು. ಮುಂಬಯಿಯನ್ನು ಥಾಣೆಗೆ, ಅಲ್ಲಿಂದ ಘಟ್ಟಗಳಿಗೆ ಜೋಡಿಸುವ ರೈಲಿನ ಯೋಚನೆ ಸರ್ಕಾರದ ಮುಖ್ಯ ಎಂಜಿನಿಯರ್ ಜಾರ್ಜ್ ಕ್ಲಾರ್ಕ್‌ಗೆ ಹೊಳೆದದ್ದು 1843ರಲ್ಲಿ, ಮುಲುಂಡಿನ ನೆರೆಯ ಭಾಂಡುಪಿಗೆ ಬಂದಿದ್ದಾಗ ಎನ್ನುತ್ತದೆ ರೈಲ್ವೆಯ ಚರಿತ್ರೆ. 1853ರ ಏಪ್ರಿಲ್ 16ರಂದು 14 ಡಬ್ಬಿಗಳಲ್ಲಿ ಸುಮಾರು 400 ಅತಿಥಿಗಳನ್ನು ಕೂರಿಸಿಕೊಂಡು ಬೋರಿಬಂದರಿನಿಂದ ಥಾಣೆಗೆ ಓಡಿದ ಮೊದಲ ರೈಲು ಮುಲುಂಡನ್ನು ಹಾದೇ ಹೋಯಿತು. ಮರುವರ್ಷ ಹಳಿ ಕಲ್ಯಾಣಕ್ಕೆ, 1856ರಲ್ಲಿ ನೇರಳ್ ದಾಟಿ ಖೋಪೋಲಿಗೆ ಮುಟ್ಟಿತು. ಬೆಟ್ಟದ ಬುಡದವರೆಗೆ ಉಗಿಬಂಡಿ ಬಂತು. ಬುಡದಿಂದ ಮೇಲಕ್ಕೆ ಮಾತ್ರ ಹಳೆಯ ವ್ಯವಸ್ಥೆಯೇ: ಕುದುರೆ, ಪಲ್ಲಕ್ಕಿ, ಇಲ್ಲವೆ ಸ್ವಂತ ಕಾಲು.

ಆ ಭಾರವನ್ನು ಹೆಗಲಿನಿಂದ ಹಳಿಗೆ ಇಳಿಸಿದವರು ಅಬ್ದುಲ್ ಹುಸೇನ್ ಆದಂಜಿ ಪೀರ್‌ಭಾಯಿ. ತಂದೆ ಸರ್ ಆದಂಜಿ ಪೀರ್‌ಭಾಯಿಯವರ ಹಣದ ಬೆಂಬಲದಿಂದ 1904ರಲ್ಲಿ ಕೆಲಸ ಶುರುವಾಯಿತು, 1907ರಲ್ಲಿ ರೈಲು ಓಡಿತು. ಹಳಿಗಳ ನಡುವೆ ಎರಡೇ ಅಡಿ ಅಗಲ. ಸುಮಾರು 20 ಕಿಲೋಮೀಟರ್ ಹಾದಿ, ಕಡಿದಾದ ಕಡೆ ಇಪ್ಪತ್ತು ಅಡಿ ಮುಂದೆ ಸಾಗಿದರೆ ಒಂದು ಅಡಿ ಮೇಲೇರುವ ಏರು. ಪಲ್ಲಕ್ಕಿಗೆ ಹಣವಿಲ್ಲದವರೂ ಕಾಸು ಕೂಡಿಟ್ಟು ಬೆಟ್ಟಕ್ಕೆ ಹೋಗಿಬರುವುದು ಈ ಪುಟ್ಟ ರೈಲಿನಿಂದ ಸಾಧ್ಯವಾಯಿತು. ಮುಂದೆ ಮುಲುಂಡ್ ಹಳ್ಳಿಯಾಗಿ ಉಳಿಯಲಿಲ್ಲ, ಅಳೆದು ಬೀದಿ ಹಾಕಿದ ಉಪನಗರವಾಯಿತು. ದಕ್ಷಿಣ ಕನ್ನಡದಿಂದ ಬಂದು ಹೊಟೇಲು, ಕಚೇರಿ, ಕಾರ್ಖಾನೆಗಳಲ್ಲಿ ದುಡಿದವರೂ ಅಲ್ಲಿ ಮನೆ ಮಾಡಿದರು. ವಾರದ ರಜೆಯ ಬೆಟ್ಟ ಅವರಿಗೂ ಎಟುಕಿದ್ದು ಹಳಿಯ ದಯೆಯಿಂದ.

ಮಾಥೇರಾನಿನಲ್ಲಿ ರಜೆಗೆ ಬಂದವರಷ್ಟೇ ಅಲ್ಲ, ಅಲ್ಲಿಯೇ ಹುಟ್ಟಿದವರೂ ಇದ್ದರು. 1912ರ ಡಿಸೆಂಬರ್ 1ರಂದು ಅಲ್ಲಿನ ಒಂದು ಬಡ ಕ್ಷೌರಿಕ ಕುಟುಂಬದಲ್ಲಿ ವಿಠ್ಠಲ ಲಕ್ಷ್ಮಣ ಕೋತ್ವಾಲ್ ಹುಟ್ಟಿದರು. ಪುಣೆಯಲ್ಲಿ ಓದಿ, ವಕೀಲರಾಗಿ, ಊರಿನ ನಗರಸಭೆಯ ಉಪಾಧ್ಯಕ್ಷರೂ ಆದರು. ಕರ್ಜತ್ ಸೀಮೆಯಲ್ಲಿ ಸಾಹುಕಾರರ ಬಡ್ಡಿಗೆ ಸಿಕ್ಕಿಬಿದ್ದಿದ್ದ ರೈತರಿಗೂ ಆದಿವಾಸಿಗಳಿಗೂ ಧಾನ್ಯವನ್ನು ಸಾಲ ಕೊಡುವ ಕಣಜಗಳನ್ನು ಏರ್ಪಡಿಸಿದರು. ಜನ ಅವರನ್ನು ಭಾಯಿ ಕೋತ್ವಾಲ್ ಎಂದು ಕರೆದರು.

1942ರಲ್ಲಿ 'ಭಾರತ ಬಿಟ್ಟು ತೊಲಗಿ' ಚಳವಳಿ ಎದ್ದಾಗ ಕೋತ್ವಾಲ್ ಭೂಗತರಾಗಿ 'ಆಜಾದ್ ದಸ್ತಾ' ಎಂಬ ತಂಡ ಕಟ್ಟಿದರು. ಅವರು ಗುರಿಯಿಟ್ಟದ್ದು ಮುಂಬಯಿಗೆ ವಿದ್ಯುತ್ ಒಯ್ಯುವ ಕಂಬಗಳಿಗೆ. ಸಹ್ಯಾದ್ರಿಯ ನೀರಿನಿಂದ ಹುಟ್ಟಿದ ವಿದ್ಯುತ್ತು ನಗರದ ಗಿರಣಿಗಳನ್ನು ಓಡಿಸುತ್ತಿತ್ತು. ಬೆಟ್ಟ ನಗರಕ್ಕೆ ತಂಪು ಕೊಟ್ಟಂತೆ ಶಕ್ತಿಯನ್ನೂ ಕೊಡುತ್ತಿತ್ತು. ಬೆಟ್ಟದ ಮಗನೊಬ್ಬ ಆ ತಂತಿಗೇ ಕೈ ಹಾಕಿದ. ರಾತ್ರಿ ಹೊತ್ತು ಕಂಬಗಳು ಉರುಳಿದವು, ಪೊಲೀಸರು ಬೆನ್ನು ಹತ್ತಿದರು. ತಂಡ ಮುರ್ಬಾಡ್ ಬಳಿಯ ಸಿದ್ಧಗಡದ ಕಾಡು ಸೇರಿತು. ಅದು ಡಿಸೆಂಬರ್. ಅದೇ ಸಹ್ಯಾದ್ರಿಯ ಚಳಿಯನ್ನು ಅತಿಥಿಗಳು ಮಾಥೇರಾನಿನ ಹೊಟೇಲುಗಳಲ್ಲಿ ಹಣ ಕೊಟ್ಟು ಸವಿಯುತ್ತಿದ್ದರು. 1943ರ ಜನವರಿ 2ರ ಬೆಳಗಿನ ಜಾವ ಪೊಲೀಸರು ಶಿಬಿರವನ್ನು ಸುತ್ತುವರಿದು ಗುಂಡು ಹಾರಿಸಿದರು. ಭಾಯಿ ಕೋತ್ವಾಲ್ ಮತ್ತು ಜೊತೆಗಾರ ಹಿರಾಜಿ ಪಾಟೀಲ್ ಅಲ್ಲಿಯೇ ಸತ್ತರು. ಕೋತ್ವಾಲರಿಗೆ ಆಗ ಮೂವತ್ತು ವರ್ಷ.

ಸ್ವಾತಂತ್ರ್ಯ ಬಂತು. ಹೆಗಲ ಮೇಲಿನ ಭಾರ ಮಾತ್ರ ಪೂರ್ತಿ ಇಳಿಯಲಿಲ್ಲ. ಮಾಥೇರಾನಿಗೆ ಮೋಟಾರು ವಾಹನಗಳು ಬರುವಂತಿಲ್ಲ; ಕಾರುಗಳು ದಸ್ತೂರಿ ನಾಕಾದಲ್ಲೇ ನಿಲ್ಲಬೇಕು. 2003ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಈ ಬೆಟ್ಟ ಮತ್ತು ಸುತ್ತಲಿನ ಸೀಮೆಯನ್ನು ಪರಿಸರ ಸೂಕ್ಷ್ಮ ವಲಯವೆಂದು ಸಾರಿತು. ಕೆಂಪು ಮಣ್ಣಿನ ದಾರಿ, ಹೊಗೆಯಿಲ್ಲದ ಗಾಳಿ, ಹಾರ್ನಿಲ್ಲದ ಮೌನ ಉಳಿದದ್ದು ಇಂಥ ನಿಯಮಗಳಿಂದ. ಆದರೆ ಎಂಜಿನ್ ಇಲ್ಲದ ಊರಿನಲ್ಲಿ ಮುದುಕರನ್ನೂ ರೋಗಿಗಳನ್ನೂ ಪೆಟ್ಟಿಗೆಗಳನ್ನೂ ಯಾರಾದರೂ ಎಳೆಯಲೇಬೇಕಲ್ಲ. ಕುದುರೆ ಎಳೆಯಿತು, ಇಲ್ಲವೆ ಮನುಷ್ಯ ಎಳೆದ. ಕೈರಿಕ್ಷಾದ ಮುಂದೊಬ್ಬ ಬಾಗಿ ಎಳೆಯುವುದು, ಹಿಂದಿನವರು ದೂಡುವುದು ಇಪ್ಪತ್ತೊಂದನೇ ಶತಮಾನದಲ್ಲೂ ಅಲ್ಲಿನ ದಿನದ ನೋಟವಾಗಿತ್ತು.

2022ರಲ್ಲಿ ನ್ಯಾಯಾಲಯದ ಅನುಮತಿಯಿಂದ ಪ್ರಯೋಗಕ್ಕೆಂದು ಇ-ರಿಕ್ಷಾಗಳು ಓಡಿದವು. ಕುದುರೆಯವರಿಗೆ ತಮ್ಮ ಅನ್ನ ಹೋದೀತೆಂಬ ಆತಂಕ, ಪರಿಸರ ಕಾಯುವವರಿಗೆ ಇಂದು ಬ್ಯಾಟರಿ ಬಂದರೆ ನಾಳೆ ಕಾರು ಬಂದೀತೆಂಬ ಆತಂಕ. ಎರಡೂ ಹುಸಿಯಲ್ಲ. 2025ರ ಆಗಸ್ಟ್ 6ರಂದು ಮುಖ್ಯ ನ್ಯಾಯಮೂರ್ತಿ ಬಿ.ಆರ್. ಗವಾಯಿ ನೇತೃತ್ವದ ಸುಪ್ರೀಂ ಕೋರ್ಟ್ ಪೀಠ, ಮನುಷ್ಯ ಮನುಷ್ಯನನ್ನು ಎಳೆಯುವ ಪದ್ಧತಿ ಮಾನವ ಘನತೆಗೆ ಒಪ್ಪುವಂಥದ್ದಲ್ಲವೆಂದು ಹೇಳಿ, ಆರು ತಿಂಗಳೊಳಗೆ ಕೈರಿಕ್ಷಾ ನಿಲ್ಲಿಸಿ, ಎಳೆಯುವವರಿಗೆ ಇ-ರಿಕ್ಷಾ ಒದಗಿಸಬೇಕೆಂದು ಮಹಾರಾಷ್ಟ್ರ ಸರ್ಕಾರಕ್ಕೆ ಆದೇಶಿಸಿತು. ಹಣವಿಲ್ಲ ಎಂಬುದು ನೆಪವಾಗಬಾರದು ಎಂದೂ ಹೇಳಿತು. ಪಂಜಾಬಿನ ಸೈಕಲ್ ರಿಕ್ಷಾ ಕಾರ್ಮಿಕರ ಪ್ರಕರಣದಲ್ಲಿ ಇದೇ ನ್ಯಾಯಾಲಯ ತೀರ್ಪಿತ್ತು ಆಗಲೇ 45 ವರ್ಷ ಕಳೆದಿತ್ತು.

ಚಳಿಗಾಲದಲ್ಲಿ ಬೆಟ್ಟದ ಮೇಲಿನ ಪುಟ್ಟ ಊರೊಂದರಲ್ಲಿ ನಾಲ್ಕು ದಿನ ಸುಮ್ಮನೆ ಇದ್ದುಬರುವ ಆಸೆಯಲ್ಲಿ ತಪ್ಪೇನಿಲ್ಲ. ಗಡಿಯಾರ ನೋಡಿ ಲೋಕಲ್ ಹಿಡಿಯುವ ಊರಿನವರಿಗೆ ಅದು ಔಷಧಿಯಂಥದ್ದು. ಆದರೆ ಅಲ್ಲಿನ ಮೌನ ಬಿಟ್ಟಿ ಬಂದದ್ದಲ್ಲ. ಎಂಜಿನ್ನನ್ನು ದೂರ ಇಟ್ಟ ಪುಣ್ಯ ನೆಲಕ್ಕೆ ಸಂದಿತು, ಅದರ ಬೆಲೆಯನ್ನು ಬಹುಕಾಲ ಕೆಲವೇ ಜನರ ಬೆನ್ನು ತೆತ್ತಿತು. ಕಾಡನ್ನೂ ಉಳಿಸಿಕೊಂಡು ಆ ಬೆನ್ನುಗಳನ್ನೂ ನೆಟ್ಟಗಾಗಿಸುವುದು ಬೆಟ್ಟದ ಮುಂದಿರುವ ಕೆಲಸ.

ಪ್ರತಿವರ್ಷ ಹೊಸ ವರ್ಷದ ರಜೆಗೆ ಮುಲುಂಡಿನಿಂದ ಹೊರಟವರು ಮಾಥೇರಾನಿನ ದಾರಿಗಳಲ್ಲಿ ತುಂಬಿಕೊಳ್ಳುತ್ತಾರೆ. ಜನವರಿ 2ರ ನಸುಕಿನಲ್ಲಿ, ಅವರು ಇನ್ನೂ ರಜಾಯಿ ಹೊದ್ದು ಮಲಗಿರುವಾಗ, ಸಿದ್ಧಗಡದ ಹುತಾತ್ಮ ಸ್ಮಾರಕದ ಮುಂದೆ ಜನ ಸೇರುತ್ತಾರೆ. ಆ ಹೊತ್ತಿಗೆ ಅಲ್ಲೂ ಅದೇ ಚಳಿ.