ಕುಲುಮೆಯಿಂದ ವಿಶ್ವವಿದ್ಯಾನಿಲಯಕ್ಕೆ

ಜರ್ಮನಿ ದೇಶದಲ್ಲಿ ಬಡಗಿಯಾಗಲಿ ಕಮ್ಮಾರನಾಗಲಿ ತನ್ನ ಕಸುಬಿನ ಆಚಾರ್ಯಪರೀಕ್ಷೆಯಲ್ಲಿ ಉತ್ತೀರ್ಣನಾದರೆ, ಇಂದು ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗಮಾಡಲು ಅರ್ಹನು. ಈ ಅಧಿಕಾರವು ಅವನಿಗೆ ಸುಲಭವಾಗಿ ಲಭಿಸಿದುದಲ್ಲ.

1788ರಲ್ಲಿ ಪ್ರಷ್ಯಾ ರಾಜ್ಯವು ಆಬಿಟೂರ್ ಎಂಬ ಶಾಲಾಂತ್ಯ ಪರೀಕ್ಷೆಯನ್ನು ಏರ್ಪಡಿಸಿತು. ಮೊದಮೊದಲು ಅದರಲ್ಲಿ ತೇರ್ಗಡೆಯಾಗದವರೂ ವಿಶ್ವವಿದ್ಯಾನಿಲಯವನ್ನು ಸೇರಬಹುದಾಗಿದ್ದಿತು. 1834ರ ನಿಯಮವು ಆ ದಾರಿಯನ್ನು ಮುಚ್ಚಿತು. ಆ ಪರೀಕ್ಷೆಗೆ ಸಿದ್ಧಪಡಿಸುತ್ತಿದ್ದ ಗಿಮ್ನಾಸಿಯಂ ಶಾಲೆಗಳಲ್ಲಿ ಲ್ಯಾಟಿನ್ ಗ್ರೀಕ್ ಭಾಷೆಗಳಿಗೇ ಅಗ್ರಪೂಜೆ. ಅಯೋಗ್ಯರನ್ನು ತಡೆಯಲೆಂದು ನಿಲ್ಲಿಸಿದ ಬಾಗಿಲು, ಬಾಲ್ಯದಲ್ಲಿಯೇ ಬೇರೆ ಶಾಲೆಗೆ ಹೋದ ಯೋಗ್ಯರನ್ನೂ ತಡೆಯಿತು.

ಬಾಗಿಲು ಮೆಲ್ಲಮೆಲ್ಲನೆ ತೆರೆಯಿತು. 1899ರಲ್ಲಿ ಪ್ರಷ್ಯಾದ ತಾಂತ್ರಿಕ ಉಚ್ಚವಿದ್ಯಾಲಯಗಳಿಗೆ ಡಾಕ್ಟರ್ ಪದವಿಯನ್ನು ಕೊಡುವ ಅಧಿಕಾರವು ದೊರೆಯಿತು. 1900ರಲ್ಲಿ ಗಣಿತ, ಪ್ರಕೃತಿಶಾಸ್ತ್ರ, ಆಧುನಿಕ ಭಾಷೆಗಳನ್ನು ಪ್ರಧಾನವಾಗಿ ಬೋಧಿಸುವ ಶಾಲೆಗಳಿಗೂ ಗಿಮ್ನಾಸಿಯಂನೊಡನೆ ಸಮಾನಪದವಿಯು ಸಂದಿತು. ಆದರೆ ಇವೆಲ್ಲವೂ ಶಾಲೆಶಾಲೆಗಳ ನಡುವಣ ಸಮಾನತೆ. ಕುಲುಮೆಯಲ್ಲಿ ಕಲಿತವನು ಇನ್ನೂ ಹೊರಗೇ ಉಳಿದನು. 1968ರಲ್ಲಿ ಪಶ್ಚಿಮ ಜರ್ಮನಿಯ ರಾಜ್ಯಗಳು ಫಾಖ್‌ಹೋಖ್‌ಶೂಲೆಗಳೆಂಬ ಅನ್ವಯಶಾಸ್ತ್ರದ ಉಚ್ಚವಿದ್ಯಾಲಯಗಳನ್ನು ಸ್ಥಾಪಿಸಲು ಒಡಂಬಟ್ಟುವು. ಕಸುಬು ಕಲಿತವರಿಗೆ ಇವು ಮೆಟ್ಟಿಲಾದುವು. ಕಡೆಗೆ 2009ನೆಯ ಮಾರ್ಚಿಯಲ್ಲಿ ಎಲ್ಲ ರಾಜ್ಯಗಳ ವಿದ್ಯಾಮಂತ್ರಿಗಳು ಸೇರಿ, ಮೈಸ್ಟರ್ ಎನಿಸಿದ ಕಸುಬಿನ ಆಚಾರ್ಯನಿಗೆ ಸಾಮಾನ್ಯ ಪ್ರವೇಶಾಧಿಕಾರವನ್ನು ಒಪ್ಪಿದರು. ಕನಿಷ್ಠ 2 ವರ್ಷ ಶಿಕ್ಷಣ ಪಡೆದು 3 ವರ್ಷ ಕೆಲಸ ಮಾಡಿದವರಿಗೂ, ಯೋಗ್ಯತಾಪರೀಕ್ಷೆ ಮುಂತಾದ ನಿಬಂಧನೆಗಳೊಡನೆ, ತಮ್ಮ ಕಸುಬಿಗೆ ಸಂಬಂಧಿಸಿದ ಶಾಸ್ತ್ರದಲ್ಲಿ ಪ್ರವೇಶವುಂಟಾಯಿತು.

ಇದರಿಂದ ವಿದ್ಯೆಯ ಮಟ್ಟವು ಇಳಿಯುವುದೆಂದು ಶಂಕಿಸುವವರು ಮೈಸ್ಟರ್ ಪರೀಕ್ಷೆಯ ಸ್ವರೂಪವನ್ನು ಗಮನಿಸಬೇಕು. ಅದರಲ್ಲಿ 4 ಭಾಗಗಳುಂಟು: ಕೈಗೆಲಸ, ಕಸುಬಿನ ಶಾಸ್ತ್ರ, ವ್ಯವಹಾರ ಮತ್ತು ಕಾಯಿದೆಗಳ ಜ್ಞಾನ, ಶಿಷ್ಯರಿಗೆ ಕಲಿಸುವ ಕ್ರಮ. ತಾನು ಬಲ್ಲುದನ್ನು ಇನ್ನೊಬ್ಬರಿಗೆ ಬೋಧಿಸಬಲ್ಲವನೇ ಅಲ್ಲಿ ಆಚಾರ್ಯನು.

ಆದರೂ ಅಧಿಕಾರವುಂಟಾದ ಮಾತ್ರಕ್ಕೆ ಪ್ರವೇಶವು ಸುಕರವಾಗದು. ಈ ದಾರಿಯಿಂದ ಬರುವವರು ಒಟ್ಟು ವಿದ್ಯಾರ್ಥಿಗಳಲ್ಲಿ ಇನ್ನೂ ಅತ್ಯಲ್ಪರು. ಸಂಸಾರವನ್ನು ಸಾಕುವವನು ಸಂಬಳವನ್ನು ಬಿಟ್ಟು ಬರಬೇಕು. ಶಾಲೆಯಲ್ಲಿ ಬಿಟ್ಟ ಗಣಿತವನ್ನು ನಡುವಯಸ್ಸಿನಲ್ಲಿ ಮತ್ತೆ ಹಿಡಿಯಬೇಕು. ಬಾಗಿಲನ್ನು ತೆರೆದವರು ಒಳಗೆ ಬಂದವನಿಗೆ ಊರುಗೋಲನ್ನೂ ಕೊಡಬೇಕಾಗುವುದು.

ಅಮರಸಿಂಹನು ತನ್ನ ಕೋಶದಲ್ಲಿ ಮೋಕ್ಷವಿಷಯಕವಾದ ಬುದ್ಧಿಯನ್ನು ಜ್ಞಾನವೆಂದೂ, ಶಿಲ್ಪ ಶಾಸ್ತ್ರಗಳೆರಡಕ್ಕೂ ಸಂಬಂಧಿಸಿದ ಬುದ್ಧಿಯನ್ನು ವಿಜ್ಞಾನವೆಂದೂ ಹೇಳಿರುವನು. ಕೋಶಕಾರನು ಒಂದೇ ಪದದಲ್ಲಿ ಕೂಡಿಸಿದುದನ್ನು ವಿದ್ಯಾಲಯಗಳ ನಿಯಮಗಳು ಬಹುಕಾಲ ಅಗಲಿಸಿದುವು. 1834ರಲ್ಲಿ ಮುಚ್ಚಿದ ಬಾಗಿಲು ಜರ್ಮನಿಯ ಕಸುಬುದಾರನಿಗೆ ದೇಶದಾದ್ಯಂತ ತೆರೆಯುವುದಕ್ಕೆ 175 ವರ್ಷಗಳು ಹಿಡಿದುವು.